ಕಣ್ಣ ಮುಂದಿನ ನೊರಜು

ಉಗ್ರಪ್ಪನವರ ಎಡಗಣ್ಣಿಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ನಾನು ಮಾತು ತೇಲಿಸಿಬಿಡುತ್ತೇನೆ. ಇಪ್ಪತ್ತು ವರ್ಷದಿಂದ ತೇಲಿಸುತ್ತಲೇ ಬಂದಿದ್ದೇನೆ. ಇವತ್ತು ಹೇಳಿಬಿಡುತ್ತೇನೆ.

ಬಿಕ್ಕೋಡಿನ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ನರ್ಸು, ಅವರು ಲ್ಯಾಬ್ ಟೆಕ್ನೀಷಿಯನ್. ಲತಾಮಣಿ ಸಿಸ್ಟರ್ ಬಾಯಿ ಜೋರು ಎಂದು ನನ್ನ ಬಗ್ಗೆ ಊರು ಹೇಳುತ್ತಿತ್ತು. ಉಗ್ರಪ್ಪನವರಿಗೆ ಬಾಯಿಯೇ ಇಲ್ಲ ಎಂದೂ ಹೇಳುತ್ತಿತ್ತು. ಹೆಸರೊಂದೇ ಉಗ್ರ, ಮನುಷ್ಯ ಹಸು. ಜ್ವರ ಬಂದವರ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಮೈಕ್ರೋಸ್ಕೋಪಿಗೆ ಎಡಗಣ್ಣು ಇಟ್ಟು ಕೂತರೆ ಊಟದ ನೆನಪೂ ಅವರಿಗೆ ಇರುತ್ತಿರಲಿಲ್ಲ. ಮಲೇರಿಯಾ ಇಲ್ಲವೇ ಇಲ್ಲ ಎಂದು ವರದಿಯಾಗಿದ್ದ ಒಂದು ಹಳ್ಳಿಯಲ್ಲಿ ಒಂದೇ ವಾರದಲ್ಲಿ ಹನ್ನೊಂದು ಜನರ ರಕ್ತದಲ್ಲಿ ಅದನ್ನು ಹಿಡಿದಿದ್ದರು. "ಇಲ್ಲ ಅಂದ್ರೆ ಯಾರೂ ಸರಿಯಾಗಿ ನೋಡಿಲ್ಲ ಅಂತ ಅರ್ಥ ಸಿಸ್ಟರ್" ಅನ್ನುತ್ತಿದ್ದರು. ಅವರ ಮನೆತನದಲ್ಲಿ ಸರ್ಕಾರಿ ಕೆಲಸ ಹಿಡಿದ ಮೊದಲಿಗರು ಅವರೇ. ಆ ಕೆಲಸ ನಿಂತಿದ್ದದ್ದು ಕಣ್ಣಿನ ಮೇಲೆ.

ಅವರದು ಬಾಣಾವರದ ಕಡೆಯ ಬಯಲು. ಹರಿಯುವ ನೀರೆಂದರೆ ಶುದ್ಧ, ನಿಂತ ನೀರಿನಲ್ಲಿ ಮಾತ್ರ ಸೊಳ್ಳೆ ಹುಟ್ಟುತ್ತದೆ ಎಂದು ನಂಬಿ ಬಂದವರು. ನಮ್ಮ ಕಡೆಯ ಕರಿನೊರಜು ಅವರಿಗೆ ಹೊಸದು. ಎಳ್ಳಿನಷ್ಟು ದಪ್ಪ, ಗೂನು ಬೆನ್ನು, ಹಗಲಲ್ಲೇ ಕಚ್ಚುತ್ತದೆ. ಕಚ್ಚುವಾಗ ಗೊತ್ತಾಗುವುದಿಲ್ಲ. ಆಮೇಲೆ ನೋಡಿದರೆ ಕಾಲಿನ ಮೇಲೆ ರಕ್ತದ ಒಂದು ಹನಿ, ಮಾರನೆಯ ದಿನ ಊತ, ವಾರವಿಡೀ ತುರಿಕೆ. ಕಾಫಿ ಹಣ್ಣು ಕುಯ್ಯುವ ಹೆಂಗಸರು ಕಾಲಿಗೆ ಹೊಂಗೆ ಎಣ್ಣೆ ಬಳಿದುಕೊಂಡು ತೋಟಕ್ಕೆ ಇಳಿಯುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದವಳಿಗೆ ಕಚ್ಚಿದರೆ "ಸೀ ನೆತ್ರು ಅಂತ ಅದಕ್ಕೂ ಗೊತ್ತಾಗೋಯ್ತು" ಎಂದು ಕಿಚಾಯಿಸುತ್ತಿದ್ದರು. ನಮಗೆ ಅದು ಅಷ್ಟೇ ಆಗಿತ್ತು.

ಎರಡು ಸಾವಿರದ ಎರಡರಲ್ಲಿ ಉಗ್ರಪ್ಪನವರು ಹಾಸನಕ್ಕೆ ತರಬೇತಿಗೆ ಹೋಗಿ ಬಂದರು. ಅಲ್ಲಿ ಪಾಠ ಮಾಡಿದವರು ಆಫ್ರಿಕಾದ ಕಥೆ ಹೇಳಿದ್ದರಂತೆ. ಅಲ್ಲಿ ಇದೇ ಜಾತಿಯ ನೊಣ ರೋಗಿಯ ಮೈಯಿಂದ ಒಂದು ಹುಳದ ಮರಿಗಳನ್ನು ಹೀರಿ ಇನ್ನೊಬ್ಬರ ಮೈಗೆ ಬಿಡುತ್ತದೆ. ಆ ಹುಳ ಚರ್ಮದಡಿ ಬೆಳೆದು, ಅದರ ಮರಿಗಳು ಕಣ್ಣಿಗೆ ಹೋಗಿ, ವರ್ಷಗಳ ಮೇಲೆ ಮನುಷ್ಯ ಕುರುಡಾಗುತ್ತಾನೆ. ಹೊಳೆ ಪಕ್ಕದ ಊರುಗಳೇ ಖಾಲಿಯಾಗಿವೆ. ಕೊನೆಗೆ, ಆ ಹುಳ ನಮ್ಮ ದೇಶದಲ್ಲಿ ಇಲ್ಲ ಎಂದೂ ಹೇಳಿದರಂತೆ. ಎಲ್ಲರೂ ಅದನ್ನು ಬರೆದುಕೊಂಡರು. ಉಗ್ರಪ್ಪನವರು ಬರೆದುಕೊಳ್ಳಲಿಲ್ಲ.

ಬಂದ ಮಾರನೆಯ ದಿನವೇ ತೋಟದ ಹಳ್ಳಕ್ಕೆ ಇಳಿದು ಕಲ್ಲುಗಳನ್ನು ತಿರುವಿ ನೋಡಿದರು. ನೀರು ಜೋರಾಗಿ ಓಡುವ ಕಡೆಯೇ, ಕಲ್ಲಿಗೆ ಹಿಂಬದಿ ಅಂಟಿಸಿಕೊಂಡು ಸಾಲುಸಾಲು ಮರಿಗಳು. ಒಂದನ್ನು ತಂದು ನನಗೆ ತೋರಿಸಿದರು. ಮೈಕ್ರೋಸ್ಕೋಪಿನಡಿ ಅದು ತಲೆಯ ಮೇಲಿನ ಎರಡು ಬೀಸಣಿಗೆ ಬಿಚ್ಚುತ್ತ, ಮಡಿಸುತ್ತ ಇತ್ತು. ಓಡುವ ನೀರಿನಿಂದ ಹೀಗೇ ಆಹಾರ ಹಿಡಿಯುತ್ತದೆ, ರೇಷ್ಮೆಹುಳದ ಹಾಗೆ ನೂಲು ಬಿಟ್ಟು ಗೂಡನ್ನೂ ಕಟ್ಟುತ್ತದೆ ಎಂದರು. ಹೇಳುವಾಗ ಅವರ ದನಿ ನಡುಗುತ್ತಿತ್ತು. ನಾನು ನಕ್ಕುಬಿಟ್ಟೆ.

ಕುಯ್ಲು ಶುರುವಾದ ಮೇಲೆ ಒಂದು ಬೆಳಿಗ್ಗೆ ಅವರು ಇಂಜೆಕ್ಷನ್ ಕೋಣೆಯ ಬಾಗಿಲಲ್ಲಿ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು ಕೇಳಿದರು.

"ಸಿಸ್ಟರ್, ನಿಮಗೆ ಕಣ್ಣ ಮುಂದೆ ನೊರಜು ಹಾರಾಡ್ತಾವಾ?"

"ಹಾರಾಡ್ದೆ ಇರ್ತಾವಾ? ಬೆಳಿಗ್ಗೆಯಿಂದ ಮುತ್ಕೊಂಡವೆ. ಬೇವಿನ್ ಸೊಪ್ಪಿನ ಹೊಗೆ ಹಾಕ್ಸಿ ಉಗ್ರಪ್ಪನವರೇ" ಎಂದೆ, ಸಿರಿಂಜು ಕುದಿಸುತ್ತ, ತಿರುಗಿಯೂ ನೋಡದೆ.

ಮನೆಗೆ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತಂತೆ. ಅವರ ಹೆಂಡತಿ ರುದ್ರಮ್ಮ ಆಮೇಲೆ ಹೇಳಿದ್ದು. "ಸಿಸ್ಟರ್‌ಗೂ ಬಂದೈತೆ, ಊರಿಗೆಲ್ಲ ಬಂದೈತೆ" ಎಂದು ಮನೆಯಲ್ಲಿ ಗೋಡೆ ಹಿಡಿದು ಕೂತರಂತೆ. ಏನು ಎಂದು ಕೇಳಿದರೆ ಕಣ್ಣಲ್ಲಿ ನೊರಜು ಅಂದರು. ರುದ್ರಮ್ಮ ಸೆರಗಿನ ತುದಿ ಉಂಡೆ ಮಾಡಿ, ಬಾಯಿಂದ ಊದಿ ಬೆಚ್ಚಗೆ ಮಾಡಿ ಕಣ್ಣಿಗೆ ಒತ್ತಿದರು. ಏನೂ ಈಚೆ ಬರಲಿಲ್ಲ. ಸುಣ್ಣದ ಗೋಡೆ ನೋಡಿದರೆ ಎಡಗಣ್ಣಿನಲ್ಲಿ ಕರಿಚುಕ್ಕೆಗಳು ಏಳುತ್ತಿದ್ದವು, ಹಿಡಿಯಲು ಹೋದರೆ ಜಾರುತ್ತಿದ್ದವು. ಕಣ್ಣಿನ ಮೂಲೆಯಲ್ಲಿ ಮಿಂಚು ಹೊಡೆಯುತ್ತಿತ್ತು. ಹಾಸನದಲ್ಲಿ ಕೇಳಿದ ಆ ಹುಳದ ಮರಿಗಳೇ ಕಣ್ಣಿಗೆ ಬಂದಿವೆ ಎಂದು ನಂಬಿಬಿಟ್ಟರು.

ಹಾಸನದ ಕಣ್ಣಿನ ಡಾಕ್ಟರ ಹತ್ತಿರ ಅವರು ಹೋಗಲಿಲ್ಲ. ಹೋದರೆ ಕಣ್ಣು ಸರಿಯಿಲ್ಲ ಎಂದು ಬರೆದುಬಿಡುತ್ತಾರೆ, ಕೆಲಸ ಹೋಗುತ್ತದೆ ಎಂಬ ಭಯ. ಬಾಯಿಬಿಟ್ಟರೆ ತೋಟದ ಕೂಲಿಯವರ ಲೈನುಮನೆಗಳೆಲ್ಲ ಗುಳೆ ಎದ್ದುಬಿಡುತ್ತವೆ ಎಂಬ ಭಯ ಬೇರೆ. ಮೊದಲು ಹುಳ ಸಿಗಲಿ ಎಂದು ತಮ್ಮ ಚರ್ಮವನ್ನೇ ಬ್ಲೇಡಿನಲ್ಲಿ ಚಿವುಟಿ ತೆಗೆದು ಮೈಕ್ರೋಸ್ಕೋಪಿನಡಿ ಇಟ್ಟರು. ಹುಳ ಇರಲಿಲ್ಲ. ಇಲ್ಲ ಅಂದರೆ ಸರಿಯಾಗಿ ನೋಡಿಲ್ಲ ಎಂದು ಇನ್ನೊಂದು ಕಡೆ ಕೊಯ್ದರು. ಮೀನಖಂಡದ ಮೇಲಿನ ಆ ಗಾಯಗಳಿಗೆ ಮುಲಾಮು ಹಚ್ಚಿದವಳು ನಾನೇ. ನೊರಜು ಕಚ್ಚಿದ ಕಡೆ ಕೆರೆದುಕೊಂಡೆ ಎಂದರು, ನಂಬಿದೆ. ಎಂಟು ವರ್ಷ ಡ್ರೆಸಿಂಗ್ ಮಾಡಿದ ನನಗೆ ಬ್ಲೇಡಿನ ಗಾಯ ಗುರುತು ಸಿಗಲಿಲ್ಲವಲ್ಲ ಎಂದು ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಮಗಳು ಇಂದುವನ್ನು ಹಳ್ಳದ ದಾರಿಯಲ್ಲಿ ಸ್ಕೂಲಿಗೆ ಕಳಿಸುವುದನ್ನು ನಿಲ್ಲಿಸಿದರು. ಮನೆಯ ಕಿಟಕಿಗಳಿಗೆ ಗೋಣಿ ಹೊಡೆದರು. ಸ್ಲೈಡು ನೋಡುವಾಗ ಕೈ ಬೆವರಿ ಗಾಜು ಜಾರುತ್ತಿತ್ತು.

ನನ್ನನ್ನು ಕೇಳಿದ ಹನ್ನೆರಡನೆಯ ದಿನ ಬೆಳಿಗ್ಗೆ ಎದ್ದವರು ಹಾಸಿಗೆಯಲ್ಲೇ ಕೂತು ಬಲಗಣ್ಣು ಮುಚ್ಚಿಕೊಂಡು ನೋಡಿದರಂತೆ. ತುಂಬ ದಿನದ ಮೇಲೆ ನಕ್ಕರಂತೆ.

"ರುದ್ರೀ, ನೊರಜು ಹೋದ್ವು ಕಣೇ. ಒಂದೂ ಇಲ್ಲ."

ಕಾಫಿ ಹಿಡಿದು ಎದುರಿಗೆ ನಿಂತಿದ್ದ ರುದ್ರಮ್ಮ, "ನಾನು ಕಾಣ್ತೀನಾ?" ಎಂದರು.

ಅವರು ದನಿ ಬಂದ ಕಡೆ ಕೈ ಚಾಚಿ ತಡಕಾಡಿದರು. ರುದ್ರಮ್ಮ ಕಾಫಿ ಅಲ್ಲೇ ಇಟ್ಟು ನನ್ನ ಮನೆಗೆ ಓಡಿ ಬಂದರು.

ಜೀಪು ಮಾಡಿಕೊಂಡು ಹಾಸನಕ್ಕೆ ಹೋದೆವು. ಡಾಕ್ಟರು ಬಹಳ ಹೊತ್ತು ಕಣ್ಣಿನೊಳಗೆ ದೀಪ ಬಿಟ್ಟು ನೋಡಿದರು. ನೊಣವೂ ಅಲ್ಲ, ಹುಳವೂ ಅಲ್ಲ. ಕಣ್ಣಿನ ಹಿಂದಿನ ಪರದೆ ಹರಿದು ಕಳಚಿಕೊಂಡಿತ್ತು. ಹರಿಯಲು ಶುರುವಾದಾಗ ಹೀಗೇ ಕಣ್ಣ ಮುಂದೆ ಕರಿನೊಣ ಹಾರಿದಂತೆ ಕಾಣುತ್ತದೆ, ಮಿಂಚು ಹೊಡೆಯುತ್ತದೆ, ಅವತ್ತೇ ಬಂದಿದ್ದರೆ ಬಹುಶಃ ಉಳಿಯುತ್ತಿತ್ತು ಎಂದರು. ಆಪರೇಷನ್ ಮಾಡಿ ನೋಡೋಣ, ಆದರೆ ಈ ಕಣ್ಣಿನಿಂದ ಮೈಕ್ರೋಸ್ಕೋಪು ನೋಡುವ ಆಸೆ ಬಿಡಿ ಎಂದೂ ಹೇಳಿದರು. ಆಮೇಲೆ ಅವರಿಗೆ ಸಿಟ್ಟು ಬಂತು.

"ಆಸ್ಪತ್ರೇಲೇ ಕೆಲಸ ಮಾಡೋರು ನೀವು. ಒಬ್ಬರಿಗಾದ್ರೂ ಹೇಳ್ಬಾರ್ದಾಗಿತ್ತಾ?"

ನಾನು ಉಗ್ರಪ್ಪನವರ ಪಕ್ಕದಲ್ಲೇ ನಿಂತಿದ್ದೆ. ಅವರು ಒಳ್ಳೆಯ ಕಣ್ಣನ್ನು ನನ್ನ ಕಡೆ ತಿರುಗಿಸಲೇ ಇಲ್ಲ.

"ಯಾರಿಗೂ ಹೇಳಿರ್ಲಿಲ್ಲ ಸಾರ್" ಎಂದರು.

ನಾನು ಬಾಯಿ ಬಿಡಲಿಲ್ಲ.