ಹೊಸ ಕಾರು, ಸಣ್ಣ ಗೀರು

ಹೊಸ ಕಾರನ್ನು ಎಲ್ಲಿ ನಿಲ್ಲಿಸಿದರೂ ಮತ್ತೊಮ್ಮೆ ಹಿಂದಿರುಗಿ ನೋಡದೆ ಮುಂದೆ ಹೋಗಲಾಗದ ಒಂದು ದೌರ್ಬಲ್ಯ ಮನುಷ್ಯನಿಗೆ ಉಂಟು. ನನಗಂತೂ ಅದು ಅರುವತ್ತೊಂದನೆಯ ವಯಸ್ಸಿನಲ್ಲಿ, ಜೀವನದ ಮೊತ್ತಮೊದಲ ಕಾರಿನೊಂದಿಗೆ ಒಟ್ಟಿಗೇ ಅಂಟಿಕೊಂಡಿತು. ಆ ಮಧ್ಯಾಹ್ನ ಹೆಂಡತಿ ವಿಜಯಾ ಮಣಿಪಾಲದಲ್ಲಿ ಕಣ್ಣಿನ ಡಾಕ್ಟರರನ್ನು ಕಾಣಲು ಒಳಗೆ ಹೋಗಿದ್ದಳು. ನಾನು ಹೊರಗೆ ನಿಂತು, ಮನೆಗೆ ಬಂದು ಮೂರೇ ವಾರವಾಗಿದ್ದ ನಮ್ಮ ಕಡುನೀಲಿ ವಾಹನವನ್ನು, ಮದುವೆಯ ಹೊಸತರಲ್ಲಿ ಅವಳನ್ನು ನೋಡಿದ್ದಕ್ಕಿಂತ ಹೆಚ್ಚಿನ ಏಕಾಗ್ರತೆಯಿಂದ ನೋಡುತ್ತಿದ್ದೆ. ಆಗ ಬಾನೆಟ್ಟಿನ ಮೇಲೆ, ಬಿಸಿಲು ಪ್ರತಿಫಲಿಸುತ್ತಿದ್ದ ಬಿಂದುವಿನ ಸುತ್ತ, ಜೇಡರ ಬಲೆಯಂಥದ್ದೊಂದು ಕಂಡಿತು. ಕೈಯಿಂದ ಸವರಿದೆ. ಹೋಗಲಿಲ್ಲ. ಬಾಗಿಲಿನ ಮೇಲೂ ಇತ್ತು, ಡಿಕ್ಕಿಯ ಮೇಲೂ ಇತ್ತು. ಬಣ್ಣವನ್ನು ಕಾಯುವ ಪಾರದರ್ಶಕ ಪದರದ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರುಗಳು, ನೂರಲ್ಲ, ಸಾವಿರ. ಪೇಟೆಯ ಪಾಲಿಶಿನವರು ಇದಕ್ಕೆ ಸ್ವರ್ಲ್ ಮಾರ್ಕ್ ಎನ್ನುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಸಿಟ್ಟು ಮಾತ್ರ ಆಗಲೇ ಬಂತು.

ನನ್ನ ಸಿಟ್ಟಿನ ಬಗ್ಗೆ ನಿಮಗೊಂದು ಮಾತು ಹೇಳಬೇಕು. ಕಾಪುವಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವ ನಾನು. ಸರಕಾರ ನೌಕರಿಯಿಂದ ನಿವೃತ್ತಿ ಕೊಡುತ್ತದೆ, ಸಿಟ್ಟಿನಿಂದ ಕೊಡುವುದಿಲ್ಲ. ವಿದ್ಯಾರ್ಥಿಗಳಿಲ್ಲದ ಮಾಸ್ಟರನ ಸಿಟ್ಟು ಸದಾ ಒಂದು ತರಗತಿಯನ್ನು ಹುಡುಕುತ್ತಲೇ ಇರುತ್ತದೆ. ಅಂದು ಅದಕ್ಕೆ ಸಿಕ್ಕಿದ ತರಗತಿ ಉಡುಪಿಯ ಹೆದ್ದಾರಿ ಬದಿಯ ಶೋರೂಮಿನ ಅಂಗಳ.

ಕಾರು ಕೊಡುವ ದಿನ ಅದನ್ನು ತೊಳೆದು ಒರೆಸಿದವರು ಯಾರೆಂದು ನನಗೆ ಚೆನ್ನಾಗಿ ನೆನಪಿತ್ತು. ನಲುವತ್ತೈದರ ಆಸುಪಾಸಿನ ಹೆಂಗಸು, ಹೆಸರು ಸುಮತಿ, ಎರ್ಮಾಳಿನವರು. ವಿಜಯಾಳೊಡನೆ ತುಳುವಿನಲ್ಲಿ ಎರಡು ಮಾತಾಡಿ ಕಾರಿಗೆ ಒಳ್ಳೆಯದಾಗಲಿ ಎಂದಿದ್ದರು. ಈಗ ನಾನು ನೇರ ಅವರೆದುರು ಹೋಗಿ ನಿಂತೆ. ಸುತ್ತ ಏಳೆಂಟು ಕೆಲಸದವರು, ಇಬ್ಬರು ಗಿರಾಕಿಗಳು.

"ಕಣ್ಣು ಕಾಣುವುದಿಲ್ಲವಾ ನಿಮಗೆ? ಇದು ಕಾರಾ, ಪಾತ್ರೆಯಾ? ಎಂತದರಲ್ಲಿ ತಿಕ್ಕಿದ್ದು ಇದನ್ನು?"

"ನಾನು ಹಾಗೆ ತಿಕ್ಕುವವಳಲ್ಲ ಸರ್," ಎಂದರು ಸುಮತಿ. "ಮೊದಲು ಪೈಪಿನ ನೀರು ಬಿಟ್ಟು ಮಣ್ಣು ಹೋದ ಮೇಲೆಯೇ ಬಟ್ಟೆ ಮುಟ್ಟಿಸುವುದು."

"ಹಾಗಾದ್ರೆ ಇದು ಆಕಾಶದಿಂದ ಬಿತ್ತಾ?"

ಅವರು ಬಗ್ಗಿ ಬಕೆಟ್ಟಿನಲ್ಲಿದ್ದ ಬಟ್ಟೆ ಹಿಂಡತೊಡಗಿದರು. ಉತ್ತರ ಬಾರದ ಮಕ್ಕಳನ್ನು ತಪ್ಪಿತಸ್ಥರೆಂದೇ ತಿಳಿಯುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ಮ್ಯಾನೇಜರ್ ಓಡಿ ಬಂದು, ಒಳಗೆ ಕೂರಿಸಿ, ಇಂಥ ಗೀರು ಎಲ್ಲ ಕಾರಿಗೂ ಬರುತ್ತದೆಂದೂ ತಾವು ಹಾಕುವ ಸೆರಾಮಿಕ್ ಕೋಟಿಂಗ್ ಎಂಬ ಗಟ್ಟಿ ಲೇಪವೊಂದೇ ಅದಕ್ಕೆ ಪರಿಹಾರವೆಂದೂ ಮಧುರವಾಗಿ ವಿವರಿಸತೊಡಗಿದಾಗ, ರೋಗ ಕೊಟ್ಟವನೇ ಮದ್ದು ಮಾರುತ್ತಿದ್ದಾನೆಂದು ನನ್ನ ರಕ್ತ ಕುದಿಯಿತು. ಅಲ್ಲೇ ಕಾಗದ ಕೇಳಿ, ಸುಮತಿಯವರ ಹೆಸರು ಸಹಿತ, ವ್ಯಾಕರಣಶುದ್ಧವಾದ ಒಂದು ದೂರು ಬರೆದುಕೊಟ್ಟೆ. ಅಷ್ಟು ಚೆಂದದ ಅಕ್ಷರ ನಾನು ಬೇರೆ ಯಾವುದಕ್ಕೂ ಬರೆದಿರಲಿಕ್ಕಿಲ್ಲ.

ಗೀರು ತೆಗೆಸಲು ಹೋದದ್ದು ಕಾರ್ಕಳದ ಹತ್ತಿರವಿರುವ ಲಾರೆನ್ಸರ ಶೆಡ್ಡಿಗೆ. ಕುವೈತಿನಲ್ಲಿ ಇಪ್ಪತ್ತು ವರ್ಷ ಕಾರುಗಳಿಗೆ ಬಣ್ಣ, ಪಾಲಿಶು ಮಾಡಿ ಊರಿಗೆ ಬಂದವರು. ಶೆಡ್ಡಿನ ಬಾಗಿಲು ಹಾಕಿ, ಕೈಯಲ್ಲೊಂದು ಟಾರ್ಚು ಹಿಡಿದು, ಡಾಕ್ಟರರ ಹಾಗೆ ಕಾರಿನ ಸುತ್ತ ಒಂದು ಸುತ್ತು ಬಂದರು. ಕೊನೆಗೆ ಸ್ಟೂಲು ಹತ್ತಿ ಮೇಲ್ಭಾಗವನ್ನೂ ನೋಡಿದರು.

"ಇದು ಶೋರೂಮಿನವರು ಮಾಡಿದ್ದಲ್ಲ ಮಾಸ್ಟ್ರೇ."

"ಮತ್ತೆ ಯಾರು?"

"ಅವರು ಒರೆಸುವುದು ಸ್ಟೂಲಿಟ್ಟು. ಅದರಿಂದ ಆದದ್ದಾದ್ರೆ ಮೇಲಿನ ಟಾಪಿನಲ್ಲಿ ಪೂರ್ತಿ ಗೀರು ಬರ್ಬೇಕು, ಅಲ್ವಾ? ನಿಮ್ಮ ಟಾಪು ನಡುವೆ ಕನ್ನಡಿಯ ಹಾಗೆ ಉಂಟು. ಅಂಚಿನಲ್ಲಿ ಮಾತ್ರ ಗೀರು." ಟಾರ್ಚು ಆರಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಬಹಳ ಸೌಜನ್ಯದಿಂದ ಕೇಳಿದರು: "ಮನೆಯಲ್ಲಿ ದಿನಾ ಒರೆಸುವುದು ಯಾರು?"

ನನ್ನ ಎತ್ತರ ಐದಡಿ ಎರಡಂಗುಲ. ಕೈ ಎಷ್ಟು ಚಾಚಿದರೂ ಕಾರಿನ ಮೇಲ್ಭಾಗದ ನಡು ನನಗೆ ಎಟಕುವುದಿಲ್ಲ. ಪ್ರತಿದಿನ ಬೆಳಿಗ್ಗೆ ಕಾಫಿಗೆ ಮೊದಲು, ನನ್ನದೇ ಒಂದು ಹಳೆಯ, ಒಗೆದೊಗೆದು ಮೆತ್ತಗಾದ ಪಂಚೆಯಿಂದ, ಒಂದು ಹನಿ ನೀರು ಸೋಕಿಸದೆ, ಆ ಕಾರನ್ನು ಉಜ್ಜುತ್ತಿದ್ದದ್ದು ನಾನು. ನಮ್ಮ ಮನೆ ಕಾಪುವಿನ ಕಡಲಿಗೆ ಕೂಗಳತೆ. ರಾತ್ರಿಯಿಡೀ ಗಾಳಿ ತಂದು ಹಾಕುವ ನಯವಾದ ಹೊಯಿಗೆ ಕಾರಿನ ಮೇಲೆ ಕಣ್ಣಿಗೆ ಕಾಣದಂತೆ ಕೂತಿರುತ್ತದೆ. ಅದರ ಮೇಲೆ ಬಟ್ಟೆ ಇಟ್ಟು ತಿಕ್ಕುವುದೆಂದರೆ ಮರಕ್ಕೆ ಮರಳುಕಾಗದ ತಿಕ್ಕಿದಂತೆ. ಮರಳಿನ ಕಾಠಿಣ್ಯವನ್ನೂ ಬೆಳಕಿನ ಪ್ರತಿಫಲನವನ್ನೂ ಮೂವತ್ತು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ ಮಹಾನುಭಾವ, ಮೂರು ವಾರ ಅದೇ ಮರಳಿನಿಂದ ಅದೇ ಬೆಳಕಿಗೆ ಸಾವಿರ ಗೀರು ಎಳೆದಿದ್ದ.

ಲಾರೆನ್ಸರು ಕಾರು ತೊಳೆದು, ಅಂಚುಗಳಿಗೆ ಟೇಪು ಹಚ್ಚಿ, ಯಂತ್ರಕ್ಕೆ ಸ್ಪಂಜು ತೊಡಿಸಿ ಕೆಲಸಕ್ಕೆ ತೊಡಗಿದರು. "ಗೀರು ತೆಗೆಯುವುದು ಅಂತ ಹೇಳುವುದು ಮಾತ್ರ," ಎಂದರು. "ಸುತ್ತಲಿನ ಪದರವನ್ನು ತೇದು ಗೀರಿನ ಮಟ್ಟಕ್ಕೆ ತರುವುದು. ಒಂದೆರಡು ಸಲ ಮಾಡಬಹುದು. ಮತ್ತೆ ಮತ್ತೆ ಮಾಡಿದ್ರೆ ತೇಯಲಿಕ್ಕೆ ಎಂತದೂ ಉಳಿಯುವುದಿಲ್ಲ. ಕೋಟಿಂಗ್ ಹಾಕಿ ಕೊಡ್ತೇನೆ. ಆದ್ರೆ ಒಣಬಟ್ಟೆ ಹಿಡಿದ್ರಿ ಅಂದ್ರೆ ಕೋಟಿಂಗಿನ ಮೇಲೂ ಗೀರೇ."

ಎರಡು ದಿನ ಬಿಟ್ಟು ಕಾರು ನೀಲಿ ನೀರಿನ ಹಾಗೆ ಹೊಳೆಯುತ್ತಾ ಬಂತು. ನನಗೆ ಅದರ ಮುಖ ನೋಡಲಾಗಲಿಲ್ಲ. ವಿಜಯಾಳಿಗೆ ಎಲ್ಲ ಹೇಳಿದೆ. ಅವಳು ಹೆಚ್ಚು ಮಾತಾಡುವವಳಲ್ಲ. "ಆ ಹೆಂಗಸಿಗೆ ಹೇಳಿ ಬಂದ್ರಾ?" ಎಂದಷ್ಟೇ ಕೇಳಿದಳು.

ಹೋದೆ. ಸುಮತಿ ಅಲ್ಲಿರಲಿಲ್ಲ. "ನಿಮ್ಮ ಕಂಪ್ಲೇಂಟ್ ಬಂದ ದಿನವೇ ಅವಳನ್ನು ಕೆಲಸದಿಂದ ತೆಗೆದೆವು ಸರ್," ಎಂದರು ಮ್ಯಾನೇಜರ್, ನಾನು ಸಂತೋಷಪಡುತ್ತೇನೆಂಬ ಭರವಸೆಯಲ್ಲಿ.

"ಕಾರನ್ನು ನೀವು ಪರೀಕ್ಷೆ ಮಾಡಿದಿರಾ?"

"ಗಿರಾಕಿಯ ಮಾತಿಗಿಂತ ದೊಡ್ಡ ಪರೀಕ್ಷೆ ಎಂತ ಉಂಟು ಸರ್?"

ತಪ್ಪು ನನ್ನದೆಂದೆ. ಬರೆದು ಕೊಡುತ್ತೇನೆಂದೆ. ಅದು ಮುಗಿದ ವಿಷಯ, ಇನ್ನು ತೆರೆಯಲಾಗುವುದಿಲ್ಲ ಎಂದರು. ಓದುಗರೇ, ಅಷ್ಟು ದಿನ ನಾನು ಸಿಟ್ಟೆಂದು ತಿಳಿದದ್ದೆಲ್ಲ ಬರೇ ಪಿತ್ತ. ಸಿಟ್ಟು ನಿಜವಾಗಿ ಬಂದದ್ದು ಆ ಕ್ಷಣ, ಅರ್ಧ ಆ ಮನುಷ್ಯನ ಮೇಲೆ, ಅರ್ಧ ಅವನ ಕೈಗೆ ಕತ್ತಿ ಕೊಟ್ಟ ನನ್ನ ಮೇಲೆ.

ಎರ್ಮಾಳಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸುಮತಿ ಅಂಗಳದಲ್ಲಿ ಮೀನು ಒಣಹಾಕುತ್ತಿದ್ದರು. ನನ್ನನ್ನು ಕಂಡರೂ ಕೆಲಸ ನಿಲ್ಲಿಸಲಿಲ್ಲ, ಕೂರಿ ಎನ್ನಲೂ ಇಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ.

"ಎಂತದರಲ್ಲಿ ಒರೆಸಿದ್ದು?"

"ಹಳೆಯ ಪಂಚೆಯಲ್ಲಿ."

"ಒಣಗಿದ್ದು?"

"ಹೌದು."

ಅವರು ಇನ್ನೊಂದು ಹಿಡಿ ಮೀನು ಹರವಿದರು. "ಬಟ್ಟೆ ಅದ್ದಲಿಕ್ಕೆ ಆರು ಕಾರಿಗೆ ಒಂದು ಬಕೆಟ್ ನೀರು ಕೊಡ್ತಾರೆ ಅಲ್ಲಿ. ಇನ್ನೊಂದು ಬಕೆಟ್ ಬೇಕು ಅಂತ ನಾನು ನಾಲ್ಕು ತಿಂಗಳಿನಿಂದ ಕೇಳ್ತಾ ಇದ್ದೆ. ಅವರಿಗೆ ನನ್ನನ್ನು ತೆಗೆಯಲಿಕ್ಕೆ ಒಂದು ಕಾಗದ ಬೇಕಿತ್ತು. ನೀವು ಬರೆದು ಕೊಟ್ಟಿರಿ."

"ತಪ್ಪಾಯಿತು ಸುಮತಿಯಕ್ಕ."

"ಇಲ್ಲಿ ಹೇಳಿ ಎಂತ ಪ್ರಯೋಜನ? ನನ್ನನ್ನು ಬೈದದ್ದು ಎಲ್ಲರ ಎದುರಿನಲ್ಲಿ. ಅಲ್ಲಿಯೇ ಹೇಳಿ."

ಶನಿವಾರ ಬೆಳಿಗ್ಗೆ, ಶೋರೂಮಿನಲ್ಲಿ ಜನ ಹೆಚ್ಚಿರುವ ಹೊತ್ತಿಗೆ, ಅವರು ಬಸ್ಸಿನಲ್ಲಿ ಬಂದರು, ನಾನು ಕಾರಿನಲ್ಲಿ. ಮ್ಯಾನೇಜರ್ ನನ್ನ ಮುಖಭಾವ ನೋಡಿಯೇ, "ಒಳಗೆ ಕೂತು ಮಾತಾಡುವ ಸರ್," ಎಂದರು.

"ಅವತ್ತು ಬೈದದ್ದು ಹೊರಗೆ," ಎಂದೆ.

ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ಸ್ವರ ನನ್ನಲ್ಲಿ ಇನ್ನೂ ಉಳಿದಿತ್ತು. ನನ್ನ ಕಾರನ್ನು ಗೀರಿದವನು ನಾನೇ, ಈ ಹೆಂಗಸಿನ ಮೇಲೆ ಸುಳ್ಳು ದೂರು ಕೊಟ್ಟವನೂ ನಾನೇ, ಕಾರನ್ನು ಪರೀಕ್ಷಿಸದೆ ಇವರ ಕೆಲಸ ತೆಗೆದವರು ಈ ಮ್ಯಾನೇಜರು, ಮತ್ತು ಇಲ್ಲಿ ಆರು ಕಾರುಗಳನ್ನು ಒಂದೇ ಬಕೆಟ್ ಕೆಸರುನೀರಿನಲ್ಲಿ ತೊಳೆಯುತ್ತಾರೆ ಎಂದು ಒಂದೂ ಶಬ್ದ ನುಂಗದೆ ಹೇಳಿದೆ. ಅಂಗಳದಲ್ಲಿ ಕೆಲಸ ನಿಂತಿತು. ಹೊಸ ಕಾರಿನ ಕೀಲಿಗಾಗಿ ಹೆಂಡತಿ ಮಕ್ಕಳೊಡನೆ ಕಾಯುತ್ತಿದ್ದ ಒಬ್ಬರು ಎದ್ದು, ಹೊರಗೆ ಬಂದು, ತಮ್ಮ ಕಾರಿನ ಬಾನೆಟ್ಟನ್ನು ಬಗ್ಗಿ ನೋಡತೊಡಗಿದರು. ಅದನ್ನು ಕಂಡೇ ಮ್ಯಾನೇಜರರ ದನಿ ಬದಲಾಯಿತು.

"ಸುಮತಿ, ನಾಳೆಯಿಂದ ಬನ್ನಿ."

"ಬಕೆಟ್ ಎಷ್ಟು?" ಎಂದು ಕೇಳಿದರು ಸುಮತಿ.

"ಎರಡು ಇಡುವ."

"ನಾಳೆ ಆದಿತ್ಯವಾರ. ಸೋಮವಾರ ಬರ್ತೇನೆ," ಎಂದು ಅವರು ಹೆದ್ದಾರಿಯ ಕಡೆಗೆ ನಡೆದರು.

ಎರ್ಮಾಳಿನ ತನಕ ಕಾರಿನಲ್ಲಿ ಬಿಡುತ್ತೇನೆಂದು ನಾನು ಹಿಂದೆಯೇ ಹೋದೆ. "ಬೇಡ, ಬಸ್ಸು ಉಂಟು," ಎಂದರು. ಕ್ಷಮಿಸಿದ್ದೀರಾ ಎಂದು ಕೇಳುವ ಧೈರ್ಯವಾಗಲಿಲ್ಲ. ಮುಖ ನೋಡಿದರೆ ಕ್ಷಮಿಸಿದಂತೆ ಕಾಣಲೂ ಇಲ್ಲ. ಎಕ್ಸ್‌ಪ್ರೆಸ್ ಬಸ್ಸುಗಳು ಎರ್ಮಾಳಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಸರ್ವೀಸ್ ಬಸ್ಸಿಗೆ ತುಂಬ ಹೊತ್ತು ಕಾಯಬೇಕಾಯಿತು. ನಾನೂ ಪಕ್ಕದಲ್ಲಿ ನಿಂತೆ. ಬಿಸಿಲು ನೆತ್ತಿಗೆ ಏರುತ್ತಿತ್ತು.

ಬಸ್ಸು ಬಂತು. ಮೆಟ್ಟಿಲಲ್ಲಿ ಕಾಲಿಟ್ಟವರು ಒಮ್ಮೆ ತಿರುಗಿ, "ತಲೆಗೆ ಒಂದು ಟೊಪ್ಪಿಯೂ ಇಲ್ಲದೆ ಎಂತಕ್ಕೆ ನಿಂತದ್ದು ಸರ್? ಮನೆಗೆ ಹೋಗಿ," ಎಂದರು. ಸಿಟ್ಟಿನಲ್ಲಿಯೇ ಹೇಳಿದ್ದು. ಆದರೂ ಹೇಳಿದರು.