ಪ್ರಶ್ನೆ ಮಾತ್ರ ಬರೆಯುತ್ತಿದ್ದ ಹುಡುಗಿ

ಅಮ್ಮ ತೀರಿಕೊಂಡದ್ದು ಬೇಸಿಗೆ ರಜೆಯಲ್ಲಿ. ಶಾಲೆ ತೆರೆಯುವ ಹೊತ್ತಿಗೆ ತಿಥಿಯೆಲ್ಲ ಮುಗಿದಿತ್ತು, ಹಾಗಾಗಿ ಒಂದು ದಿನವೂ ರಜೆ ಹಾಕಬೇಕಾಗಲಿಲ್ಲ. ಶ್ರೀನಿವಾಸಪುರದ ಬಾಡಿಗೆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಈಗ ನಾನೊಬ್ಬಳೇ ಬೀಗ ಹಾಕಿಕೊಂಡು ಬೆಳಗಿನ ಬಸ್ಸಿಗೆ ರಾಯಲ್ಪಾಡಿನ ಕಡೆ ಹೊರಡುತ್ತಿದ್ದೆ. ಅಲ್ಲಿ ಇಳಿದು ಆಟೋ ಹಿಡಿದು ಮಾವಿನ ತೋಟಗಳ ನಡುವೆ ಸ್ವಲ್ಪ ದೂರ ಹೋದರೆ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಆರರಿಂದ ಎಂಟರವರೆಗೆ ಗಣಿತ ನನ್ನದು. ಸಹೋದ್ಯೋಗಿಗಳು ಮೊದಲ ವಾರ ನನ್ನೆದುರು ಮೆತ್ತಗೆ ಮಾತಾಡಿದರು, ಆಮೇಲೆ ಮಾಮೂಲಾದರು. ನನಗೆ ಎರಡೂ ಒಂದೇ ಆಗಿತ್ತು.

ಮಕ್ಕಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬುವ ಕೆಲಸ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತಿತ್ತು. ಜಾತಿ, ತಂದೆತಾಯಿಯ ಕೆಲಸ, ಮನೆಯಿಂದ ಎಷ್ಟು ದೂರ, ಹಿಂದಿನ ವರ್ಷದ ಗ್ರೇಡ್, ಮಾತೃಭಾಷೆ. ಆ ವರ್ಷ ಆ ಕೆಲಸ ಹಿತವಾಗಿಯೇ ಇತ್ತು. ಒಂದು ಚೌಕ ತುಂಬಿದರೆ ಇನ್ನೊಂದು ಇರುತ್ತಿತ್ತು, ಯೋಚನೆ ಮಾಡಬೇಕಾಗಿರಲಿಲ್ಲ. ಮಾತೃಭಾಷೆಯ ಕಡೆ ಮಾತ್ರ ಕೈ ನಿಂತಿತು. ಹಿಂದಿನಿಂದಲೂ ಎಲ್ಲ ಮಕ್ಕಳಿಗೂ ಕನ್ನಡ ಎಂದೇ ಇತ್ತು. ನಾನು ಏಳನೇ ತರಗತಿಗೆ ಹೋಗಿ ಮನೆಯಲ್ಲಿ ಏನು ಮಾತಾಡ್ತೀರ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಹೆಚ್ಚಿನವರು ತೆಲುಗು ಎಂದರು, ಮೂವರು ಉರ್ದು ಎಂದರು, ಇಬ್ಬರು ಮಾತ್ರ ಕನ್ನಡ. ಹೆಡ್‌ಮಾಸ್ಟರಿಗೆ ಹೇಳಿದೆ. ನಿವೃತ್ತಿಗೆ ಹತ್ತಿರ ಬಂದಿದ್ದ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ. ಒಂದೇ ಸಲ ಬದಲಾಯಿಸಿದರೆ ಮೇಲಿನಿಂದ ವಿವರಣೆ ಕೇಳುತ್ತಾರೆ, ಇದ್ದ ಹಾಗೇ ಬಿಡಿ ಎಂದರು. ಬಿಟ್ಟೆ. ನನ್ನ ಸ್ವಂತ ಟಿ.ಸಿ.ಯಲ್ಲೂ ಕನ್ನಡ ಎಂದೇ ಇದೆ. ಅಮ್ಮನಿಗೆ ಬರುತ್ತಿದ್ದದ್ದು ತೆಲುಗು ಒಂದೇ. ಅವಳು ಹೋದ ಮೇಲೆ ನನಗೆ ತೆಲುಗು ಮಾತಾಡಲು ಮನೆಯಲ್ಲಿ ಯಾರೂ ಇರಲಿಲ್ಲ.

ಆ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅವಳ ಅಪ್ಪ ಅಮ್ಮ ಗಡಿಯಾಚೆಯ ಆಂಧ್ರದಿಂದ ಬಂದು ಮಾವಿನ ತೋಟವೊಂದನ್ನು ಕಾಯುತ್ತಿದ್ದರು, ಸುಗ್ಗಿ ಇಲ್ಲದಾಗ ಟೊಮ್ಯಾಟೊ ಬಿಡಿಸಲು ಹೋಗುತ್ತಿದ್ದರು. ಐದನೇ ತರಗತಿಗೆ ಸೇರಿದ ದಿನದಿಂದ ಅವಳಿಗೆ ಎಲ್ಲ ವಿಷಯದಲ್ಲೂ ಸಿ ಗ್ರೇಡ್. ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಒಂದೂ ತಪ್ಪಿಲ್ಲದೆ ನಕಲು ಮಾಡುತ್ತಿದ್ದಳು. ಉತ್ತರದ ಜಾಗ ಖಾಲಿ. ಕಲಿಕೆಯಲ್ಲಿ ಹಿಂದುಳಿದವರ ಪಟ್ಟಿ ಕೊಡಿ ಎಂದು ಬ್ಲಾಕ್ ಕಚೇರಿಯಿಂದ ಕೇಳಿದಾಗ ಮೊದಲು ಬರೆದದ್ದು ಅವಳ ಹೆಸರನ್ನೇ. ಯೋಚಿಸಿ ಬರೆದದ್ದಲ್ಲ, ಕೈ ತಾನಾಗಿ ಬರೆಯಿತು.

ಪಟ್ಟಿಯಲ್ಲಿದ್ದವರಿಗೆ ಮಧ್ಯಾಹ್ನ ಬಿಸಿಯೂಟದ ನಂತರ ಪ್ರತ್ಯೇಕ ತರಗತಿ ನಡೆಸಬೇಕಿತ್ತು. ಒಂದು ದಿನ ಬೋರ್ಡಿನ ಮೇಲೆ ಲೆಕ್ಕ ಬರೆದೆ. ಒಬ್ಬ ರೈತ ಇನ್ನೂರ ನಲವತ್ತು ಕ್ರೇಟ್ ಟೊಮ್ಯಾಟೊವನ್ನು ಕೋಲಾರದ ಮಾರುಕಟ್ಟೆಗೆ ತಂದ, ಐದರಲ್ಲಿ ಮೂರು ಭಾಗ ಮಾರಾಟವಾಯಿತು, ಉಳಿದದ್ದೆಷ್ಟು. ಹುಡುಗಿ ಎದ್ದು ನಿಂತಳು. ಎರಡು ಸಲ ಓದಿ ಹೇಳಿದರೂ ಸುಮ್ಮನೇ ನಿಂತಿದ್ದಳು. ಮೂರನೇ ಸಲ ನನಗೇ ಗೊತ್ತಿಲ್ಲದೆ ತೆಲುಗಿನಲ್ಲಿ ಹೇಳಿಬಿಟ್ಟೆ.

"ಇಂಕಾ ಎನ್ನಿ ಉಂಟಾಯಿ?" ಇನ್ನು ಎಷ್ಟು ಉಳಿಯುತ್ತೆ ಅಂತ.

"ತೊಂಬೈ ಆರು," ಎಂದಳು. ತೊಂಬತ್ತಾರು. ಕಾಗದ ಮುಟ್ಟಿರಲಿಲ್ಲ.

ಇನ್ನೂ ಐದು ಲೆಕ್ಕ ಕೇಳಿದೆ, ಐದೂ ತೆಲುಗಿನಲ್ಲೇ. ಎಲ್ಲವನ್ನೂ ಬಾಯಲ್ಲೇ ಮಾಡಿದಳು. ಉಳಿದ ಮಕ್ಕಳು ಅವಳನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನನ್ನ ದನಿ ಅಮ್ಮನ ದನಿಯ ಹಾಗೇ ಇತ್ತು, ಅದು ನನಗೂ ಕೇಳಿಸಿತು. ಅಳು ಬರಬಹುದು ಎಂದುಕೊಂಡೆ. ಬರಲಿಲ್ಲ. ಗಂಟೆ ಹೊಡೆಯಿತು, ಡಸ್ಟರ್ ತೆಗೆದುಕೊಂಡು ಬೋರ್ಡ್ ಒರೆಸಿದೆ.

ಹೆಡ್‌ಮಾಸ್ಟರಿಗೆ ಆ ಸಂಜೆಯೇ ವಿಷಯ ತಿಳಿಸಿ, ಪರೀಕ್ಷೆಯಲ್ಲಿ ಅವಳಿಗೆ ಪ್ರಶ್ನೆಗಳನ್ನು ತೆಲುಗಿನಲ್ಲಿ ಓದಿ ಹೇಳಬಹುದೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪರೀಕ್ಷೆ ಕನ್ನಡದಲ್ಲೇ ತಾನೇ ಮೇಡಂ. ನೀವು ಓದಿ ಹೇಳಿದ್ರೆ ಅದು ನಿಮ್ಮ ಮಾರ್ಕ್ಸ್ ಆಗುತ್ತೆ, ಅವಳದಲ್ಲ."

ಆದರೂ ಕೆಲವು ವಾರ ಎರಡೂ ಭಾಷೆಯಲ್ಲಿ ಪಾಠ ಮಾಡಿದೆ. ಭಾಗ, ಉಳಿಕೆ, ಒಟ್ಟು, ಹೀಗೆ ಒಂದೊಂದು ಪದಕ್ಕೂ ಪಕ್ಕದಲ್ಲಿ ತೆಲುಗು ಪದ ಬರೆಸಿದೆ. ಅವಳು ಅದಕ್ಕೇ ಒಂದು ಸಣ್ಣ ಪುಸ್ತಕ ಇಟ್ಟಳು. ಆಮೇಲೆ ನನ್ನನ್ನು ಶ್ರೀನಿವಾಸಪುರದಲ್ಲಿ ತರಬೇತಿಗೆ ಹಾಕಿದರು, ಅದು ಮುಗಿಯುವಷ್ಟರಲ್ಲಿ ಮತದಾರರ ಪಟ್ಟಿಯ ಕೆಲಸ ಬಂತು. ಮಧ್ಯಾಹ್ನದ ತರಗತಿ ನಿಂತಿತು. ಮತ್ತೆ ಶುರು ಮಾಡಬಹುದಿತ್ತು. ಮಾಡಲಿಲ್ಲ. ಆ ತಿಂಗಳುಗಳಲ್ಲಿ ನಿಂತದ್ದನ್ನು ಮತ್ತೆ ಶುರು ಮಾಡುವ ಶಕ್ತಿ ನನ್ನಲ್ಲಿರಲಿಲ್ಲ. ಮನೆಯಲ್ಲಿ ಗೋಡೆ ಗಡಿಯಾರ ನಿಂತು ಎಷ್ಟೋ ದಿನವಾಗಿತ್ತು, ಸೆಲ್ ಬದಲಾಯಿಸಿರಲಿಲ್ಲ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅವಳು ಮೊದಲ ಬಾರಿಗೆ ಉತ್ತರ ಬರೆದಿದ್ದಳು. ಆರು ಲೆಕ್ಕಗಳಿಗೆ ಬರೀ ಉತ್ತರ, ಹಂತಗಳಿಲ್ಲ. ಆರೂ ಸರಿ. ಹಂತಗಳಿಗೇ ಹೆಚ್ಚು ಅಂಕ. ಕೂಡಿದಾಗ ಬಿ ಗ್ರೇಡಿಗೆ ಎರಡು ಅಂಕ ಸಾಲಲಿಲ್ಲ. ಎರಡು ಅಂಕ ಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ, ಬೇರೆ ಮಕ್ಕಳಿಗೆ ಕೊಟ್ಟಿದ್ದೂ ಇದೆ. ಸಿ ಎಂದು ಬರೆದು ಮುಂದಿನ ಹಾಳೆ ತೆಗೆದುಕೊಂಡೆ.

ಏಪ್ರಿಲ್‌ನಲ್ಲಿ ಅವಳ ತಾಯಿ ಟಿ.ಸಿ. ಕೇಳಲು ಬಂದರು. ತೋಟ ಬೇರೆಯವರ ಗುತ್ತಿಗೆಗೆ ಹೋಗಿತ್ತು, ಊರಿಗೆ ವಾಪಸ್ ಹೋಗುತ್ತಿದ್ದರು. ಅಲ್ಲಿ ತೆಲುಗಲ್ಲೇ ಹೇಳಿಕೊಡುತ್ತಾರಂತೆ ಎಂದರು. ಹೆಡ್‌ಮಾಸ್ಟರ್ ಒಂದು ಮಗು ಕಡಿಮೆಯಾಯಿತಲ್ಲ ಎಂದು ಪೇಚಾಡಿಕೊಂಡೇ ಸಹಿ ಹಾಕಿದರು. ನಾನು ಪ್ರಗತಿಪತ್ರ ಕೊಟ್ಟೆ. ತಾಯಿ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ ಮಗಳ ಕೈಗೆ ಕೊಟ್ಟು, ಮೇಡಂ ಏನು ಬರೆದಿದ್ದಾರೆ ಎಂದು ಕೇಳಿದರು.

ಹುಡುಗಿ ಕಾರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಅವಸರ ಮಾಡಲಿಲ್ಲ.

"ಬಾಗ ಚದುವುತಾನಂಟ," ಎಂದಳು. ಚೆನ್ನಾಗಿ ಓದ್ತೀನಂತೆ.

ತಾಯಿ ನನಗೆ ಕೈ ಮುಗಿದರು. ಹುಡುಗಿ ನನ್ನ ಕಡೆ ನೋಡಲಿಲ್ಲ. ಹೌದಮ್ಮ ಅಂತ ತೆಲುಗಿನಲ್ಲಿ ಹೇಳಬೇಕಿತ್ತು. ತಲೆ ಮಾತ್ರ ಆಡಿಸಿದೆ. ಇಬ್ಬರೂ ಗೇಟು ದಾಟಿ ಹೋಗುವುದನ್ನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ. ಎದೆಯೊಳಗೆ ಏನಾದರೂ ಅಲುಗಾಡುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ, ಆಮೇಲೆ ಉಳಿದ ಕಾರ್ಡುಗಳಿಗೆ ಸೀಲು ಒತ್ತಿದೆ.

ಆ ಮುಂದಿನ ವರ್ಷ ಮಕ್ಕಳು ಇನ್ನೂ ಕಡಿಮೆಯಾದರು. ಒಂದು ಹುದ್ದೆ ಹೆಚ್ಚುವರಿ ಎಂದಾಯಿತು. ಸೇವೆಯಲ್ಲಿ ಚಿಕ್ಕವಳು ನಾನೇ, ಹಾಗಾಗಿ ಕೋಲಾರ ತಾಲ್ಲೂಕಿಗೆ, ಸುಗಟೂರಿನ ಕಡೆಯ ಶಾಲೆಗೆ ಹಾಕಿದರು. ಮನೆ ಖಾಲಿ ಮಾಡಿದೆ. ಅಮ್ಮನ ಸೀರೆಗಳನ್ನು ಪಕ್ಕದ ಮನೆಯವರಿಗೆ ಕೊಟ್ಟೆ, ಎರಡನ್ನು ಇಟ್ಟುಕೊಂಡೆ. ಇಲ್ಲಿನ ಮಕ್ಕಳ ಮನೆಗಳಲ್ಲಿ ರೇಷ್ಮೆ ಸಾಕುತ್ತಾರೆ, ಹಸು ಇವೆ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಹಗಲು ರಾತ್ರಿ ತಿನ್ನತೊಡಗಿದ ಮೇಲೆ, ಬೆಳಿಗ್ಗೆ ಸೊಪ್ಪು ಹಾಕಿಯೇ ಹುಡುಗಿಯರು ಶಾಲೆಗೆ ಬರುವುದು, ಮೊದಲ ಪಿರಿಯಡ್ ಅರ್ಧ ಮುಗಿದಿರುತ್ತದೆ. ಅವರ ಹಾಜರಾತಿ ಕಡಿಮೆ, ಗ್ರೇಡೂ ಕಡಿಮೆ. ಆ ದಿನಗಳಲ್ಲಿ ನಾನು ಮೊದಲ ಪಿರಿಯಡ್‌ನಲ್ಲಿ ಹೊಸ ಪಾಠ ತೆಗೆಯುವುದಿಲ್ಲ. ಬಂದಿರುವವರಿಂದ ಮಗ್ಗಿ ಹೇಳಿಸುತ್ತಾ, ಬಾಗಿಲ ಕಡೆ ನೋಡುತ್ತಾ ಕೂತಿರುತ್ತೇನೆ.