ಹಿತ್ತಲ ಕಡೆಯ ನೀರು

ಎನ್.ಆರ್. ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆ ಧರ್ಮರಾಜು ತಾರಸಿ ಮೇಲೆ ಮರದ ಕಯಾಕ್ ಕಟ್ಟುತ್ತಾನೆ. ದೋಣಿ ಅಂದರೆ ಮುಖ ಊದಿಸುತ್ತಾನೆ. ಕಯಾಕ್ ಅಂದರೆ ಹೊಲಿಸಿದ ಅಂಗಿ ಹಾಗೆ ಸೊಂಟಕ್ಕೆ ಸರಿಯಾಗಿ ಕೂರಬೇಕಂತೆ. ಅವನು ಉಪ್ಪು ಕಾಗದ ಹಾಕಿ ಉಜ್ಜಿದ ಪುಡಿಯೆಲ್ಲ ನಾವು ಒಣಹಾಕಿದ ಸಂಡಿಗೆ ಮೇಲೆ. "ಎಲ್ಲೋ ಬಿಡ್ತೀಯ ಇದನ್ನ, ನೀರಿನ ಸಂಪಲ್ಲಾ?" ಅಂತ ಬೈದರೆ, "ಮಾವನ ಊರಲ್ಲಣ್ಣ" ಅನ್ನುತ್ತಾನೆ. ಮದುವೆಯಾದ ವರ್ಷ ಆಷಾಢಕ್ಕೆ ತವರಿಗೆ ಹೋದ ಹೆಂಡತಿ ವಿನುತಾ, ಮೂರನೇ ಶ್ರಾವಣ ಬಂದರೂ ವಾಪಸ್ ಬಂದಿಲ್ಲ. ಮಾವನಿಗೂ ಇವನಿಗೂ ಜಗಳ. ರಸ್ತೆ ಕಡೆಯಿಂದ ಹೋದರೆ ಮಾವ ಜಗಲಿ ಬಿಟ್ಟು ಏಳುವುದಿಲ್ಲ, ಇವನನ್ನು ಒಳಗೂ ಬಿಡುವುದಿಲ್ಲ. ಹಿತ್ತಲಿಗೆ ಮಾತ್ರ ಡ್ಯಾಮಿನ ಹಿನ್ನೀರು ತಾಗಿದೆ, ಅವಳು ಪಾತ್ರೆ ತೊಳೆಯುವುದು ಅಲ್ಲೇ. ಕಯಾಕಿನಲ್ಲಿ ಕೂರಲು ಎರಡು ಗುಂಡಿ. ಮುಂದಿನದು ಚಿಕ್ಕದು, ಅವಳು ಬಿಟ್ಟುಹೋದ ಲಂಗದ ಲಾಡಿಯಲ್ಲಿ ಗಂಟಿನ ಗುರುತು ಹಿಡಿದು ಅಳತೆ ತೆಗೆದದ್ದು. ಮೊನ್ನೆ ನೋಡಿದರೆ ಕೆಲಸವೆಲ್ಲ ಮುಗಿದು ಮರ ಹೊಳೆಯುತ್ತಿದೆ, ಇವನು ಇನ್ನೂ ಉಜ್ಜುತ್ತಿದ್ದಾನೆ. "ಇನ್ನೇನೋ ಉಳಿದಿದೆ? ಹೋಗಿ ಕರ್ಕೊಂಡ್ ಬಾರೋ" ಅಂತ ರೇಗಿದೆ. "ಅವಳು ಹತ್ತಲ್ಲ ಅಂದ್ಬಿಟ್ರೆ ಏನ್ಮಾಡ್ಲಣ್ಣ?" ಅಂದವನು ಮತ್ತೆ ಆ ಚಿಕ್ಕ ಗುಂಡಿಯ ಅಂಚನ್ನೇ ಉಜ್ಜತೊಡಗಿದ. ನಾನು ಸಂಡಿಗೆ ತೆಗೆದು ಒಳಗಿಟ್ಟೆ.